ಆನೆ ಬಂತು, ಆನೆ ಬಂದಿದೆ, ಆನೆ ಬಂದಿತ್ತು

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋದಂತೆಲ್ಲ ಹೊಲಗಳೂ ಕಾಡೂ ಒಂದಕ್ಕೊಂದು ಹತ್ತಿರವಾಗುತ್ತ ಹೋಗುತ್ತವೆ. ಆ ಕಡೆಯ ಹಳ್ಳಿಗಳಲ್ಲಿ ಬೆಳೆ ಕಾಯುವವನು ಮರದ ಮೇಲಿನ ಅಟ್ಟಣೆಯಿಂದ ಒಂದು ಮಾತು ಕೂಗಿದರೆ, ಕೆಳಗಿರುವವನು ಆ ಮಾತಿನ ಕೊನೆಯ ಅಕ್ಷರಗಳನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ‘ಆನೆ ಬಂತು’ ಎಂದರೆ ಇದೀಗ ಕಣ್ಣ ಮುಂದೆ ಬರುತ್ತಿದೆ, ಓಡು ಎಂದರ್ಥ. ‘ಆನೆ ಬಂದಿದೆ’ ಎಂದರೆ ಅದು ಒಳಗೆ ಸೇರಿಕೊಂಡಿದೆ, ಎಲ್ಲೋ ನಿಂತಿದೆ, ಹುಷಾರಾಗಿರು ಎಂದರ್ಥ. ‘ಆನೆ ಬಂದಿತ್ತು’ ಎಂದರೆ ಬಂದದ್ದು ಹೊರಟುಹೋಗಿದೆ. ಇನ್ನು ನಷ್ಟದ ಲೆಕ್ಕ ಹಾಕಬಹುದು. ಕ್ರಿಯೆ ಒಂದೇ, ಕರ್ತೃ ಒಂದೇ. ಮೂರೂ ಭೂತಕಾಲದ ‘ಬಂದು’ ಎಂಬುದರಿಂದಲೇ ಹುಟ್ಟಿದ ರೂಪಗಳು. ಆದರೂ ಒಂದರ ಬದಲು ಇನ್ನೊಂದನ್ನು ಆಡಿದರೆ ಪ್ರಾಣಕ್ಕೇ ಅಪಾಯ. ಯಾವ ಪಾಠಶಾಲೆಗೂ ಹೋಗದ ಮುದುಕಿಯೂ ಈ ಮೂರನ್ನು ತಪ್ಪಿಯೂ ಬೆರೆಸುವುದಿಲ್ಲ.

ಇಷ್ಟು ಸೂಕ್ಷ್ಮವನ್ನು ತೊಟ್ಟಿಲಿನಿಂದಲೇ ಕಲಿತು ಬಂದ ನಮ್ಮ ಮಕ್ಕಳು ಇಂಗ್ಲಿಷಿನ ‘ಪ್ರೆಸೆಂಟ್ ಪರ್‌ಫೆಕ್ಟ್’ ಎಂಬ ಕಾಲದ ಮುಂದೆ ಏಕೆ ಕಂಗಾಲಾಗಿ ನಿಲ್ಲುತ್ತಾರೆ? ಕನ್ನಡ ಪಾಠ ಹೇಳುವ ನನಗೆ ಈ ಪ್ರಶ್ನೆ ಏಕೆ ಬೇಕಾಯಿತೆಂಬುದನ್ನು ಮೊದಲು ತಿಳಿಸಬೇಕು.

ಒಂದು ರಜಾಪತ್ರ

ಕೆಲವು ವರ್ಷಗಳ ಹಿಂದಿನ ಮಾತು. ಕಾಡಂಚಿನ ಹಳ್ಳಿಯಿಂದ ಕಾಲೇಜಿಗೆ ಬರುತ್ತಿದ್ದ ಹುಡುಗನೊಬ್ಬ ಎರಡು ದಿನ ತರಗತಿಗೆ ತಪ್ಪಿಸಿಕೊಂಡು, ಮೂರನೆಯ ದಿನ ಇಂಗ್ಲಿಷಿನಲ್ಲಿ ರಜಾಪತ್ರ ಬರೆದು ತಂದ. ಅದರಲ್ಲಿ ‘ಲಾಸ್ಟ್ ನೈಟ್ ಎಲಿಫೆಂಟ್ ಹ್ಯಾಸ್ ಕಮ್ ಟು ಅವರ್ ಫೀಲ್ಡ್’ ಎಂಬ ವಾಕ್ಯವಿತ್ತು. ಆ ಪತ್ರ ಅಧ್ಯಾಪಕರ ಕೊಠಡಿಯಲ್ಲಿ ಕೈಯಿಂದ ಕೈಗೆ ಹೋಯಿತು. ಯಾರೋ ಕೆಂಪು ಶಾಯಿಯಲ್ಲಿ ‘ಹ್ಯಾಸ್ ಕಮ್’ ಎಂಬುದನ್ನು ಸುತ್ತಿ, ಪಕ್ಕದಲ್ಲಿ ‘ಕೇಮ್’ ಎಂದು ಬರೆದರು. ಯಾರೋ ನಕ್ಕರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಹುಡುಗ ಬಾಗಿಲಲ್ಲೇ ನಿಂತಿದ್ದನೆಂಬುದನ್ನು ನಾವು ಆಮೇಲೆ ಕಂಡೆವು.

ಸಂಜೆ ಅವನನ್ನು ಕರೆದು, “ಏನಪ್ಪ, ಆನೆ ಬಂದದ್ದನ್ನು ನೀನು ಕಂಡೆಯಾ?” ಎಂದು ಕೇಳಿದೆ.

“ಇಲ್ಲ ಸಾ, ನಾ ನೋಡ್ನಿಲ್ಲ. ಬೆಳಿಗ್ಗ ಎದ್ದು ನೋಡುದ್ರ ಹೆಜ್ಜ ಅದ, ಬಾಳ ಎಲ್ಲಾ ತುಳ್ದದ. ರಾತ್ರ ಆನ ಬಂದದ” ಎಂದ.

ನಗು ಅಲ್ಲಿಗೆ ನಿಂತುಹೋಯಿತು. ಆ ಹುಡುಗ ವ್ಯಾಕರಣ ತಿಳಿಯದೆ ಬರೆದಿರಲಿಲ್ಲ. ತನ್ನ ಭಾಷೆಯ ವ್ಯಾಕರಣವನ್ನು ತುಂಬ ನಿಷ್ಠೆಯಿಂದ ಪಾಲಿಸಿ ಬರೆದಿದ್ದ. ಅವನು ಆನೆಯನ್ನು ಕಣ್ಣಾರೆ ಕಂಡಿದ್ದರೆ ‘ರಾತ್ರಿ ಆನೆ ಬಂತು’ ಎನ್ನುತ್ತಿದ್ದ. ಕಂಡದ್ದು ಹೆಜ್ಜೆಯನ್ನು, ತುಳಿದ ಬಾಳೆಯನ್ನು. ಗುರುತು ಕಣ್ಣ ಮುಂದಿದೆ, ಕ್ರಿಯೆ ಕಣ್ಣಿಗೆ ಬಿದ್ದಿಲ್ಲ. ಇಂಥ ಸ್ಥಳದಲ್ಲಿ ಕನ್ನಡ ‘ಬಂದಿದೆ’ ಎನ್ನುತ್ತದೆ. ಬೆಳಗ್ಗೆ ಅಂಗಳ ಒದ್ದೆಯಾಗಿರುವುದನ್ನು ಕಂಡು ‘ರಾತ್ರಿ ಮಳೆ ಬಂದಿದೆ’ ಎನ್ನುವುದಿಲ್ಲವೇ, ಹಾಗೆ. ತಾನು ಸಾಕ್ಷಿಯಲ್ಲ, ಗುರುತು ನೋಡಿ ಹೇಳುತ್ತಿದ್ದೇನೆ ಎಂಬ ಸತ್ಯವನ್ನೂ ಆ ಒಂದು ‘ಇದೆ’ ಹೊತ್ತುಕೊಂಡಿದೆ. ‘ಕೇಮ್’ ಎಂದು ತಿದ್ದಿದ ಕೆಂಪು ಶಾಯಿಗೆ ಇಂಗ್ಲಿಷ್ ಗೊತ್ತಿತ್ತು. ಹುಡುಗನಿಗೆ ಏನು ಗೊತ್ತಿತ್ತೆಂಬುದು ಗೊತ್ತಿರಲಿಲ್ಲ.

ಎರಡು ಭಾಷೆ, ಒಂದೇ ನೋಟ

ಪ್ರೆಸೆಂಟ್ ಪರ್‌ಫೆಕ್ಟ್ ಎಂದರೇನು? ನಡೆದದ್ದು ಹಿಂದೆ, ಅದರ ನೆರಳು ಇಂದಿನ ಮೇಲೆ. ಹನ್ಸ್ ರೈಖೆನ್‌ಬಾಖ್ ಎಂಬ ತತ್ತ್ವಶಾಸ್ತ್ರಜ್ಞರು 1947ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಗ್ರಂಥವೊಂದರಲ್ಲಿ ಕಾಲರೂಪಗಳನ್ನು ಮೂರು ಬಿಂದುಗಳಿಂದ ವಿವರಿಸಿದರು: ಮಾತನಾಡುವ ಗಳಿಗೆ, ಕ್ರಿಯೆ ನಡೆದ ಗಳಿಗೆ, ಯಾವ ಗಳಿಗೆಯಲ್ಲಿ ನಿಂತು ನೋಡುತ್ತಿದ್ದೇವೆಯೋ ಆ ಗಳಿಗೆ. ‘ಬಂತು’ ಎಂದಾಗ ನಾವು ಮನಸ್ಸಿನಲ್ಲಿ ಹಿಂದಕ್ಕೆ ಹೋಗಿ, ಕ್ರಿಯೆ ನಡೆದಲ್ಲಿಯೇ ನಿಂತು ನೋಡುತ್ತೇವೆ. ‘ಬಂದಿದೆ’ ಎಂದಾಗ ಇಂದಿನಲ್ಲಿಯೇ ನಿಂತು ಹಿಂದಕ್ಕೆ ತಿರುಗಿ ನೋಡುತ್ತೇವೆ. ‘ಬಂದಿತ್ತು’ ಎಂದಾಗ ಹಿಂದಿನ ಒಂದು ಗಳಿಗೆಯಲ್ಲಿ ನಿಂತು ಇನ್ನೂ ಹಿಂದಕ್ಕೆ ನೋಡುತ್ತೇವೆ. ಅಟ್ಟಣೆಯ ಮೇಲಿನ ಕಾವಲುಗಾರ ರೈಖೆನ್‌ಬಾಖರ ಹೆಸರು ಕೇಳದೆಯೇ ಈ ಮೂರು ಬಿಂದುಗಳನ್ನು ಬಳಸುತ್ತಾನೆ.

ರೂಪದ ರಚನೆಯನ್ನು ನೋಡಿದರೂ ಎರಡು ಭಾಷೆಗಳಿಗೆ ದೂರವಿಲ್ಲ. ‘ಬಂದು’ ಎಂಬ ಭೂತಕೃದಂತಕ್ಕೆ ‘ಇರು’ ಧಾತುವಿನ ವರ್ತಮಾನರೂಪ ಸೇರಿದರೆ ‘ಬಂದಿದೆ’. ಚಾಮರಾಜನಗರದ ಸೀಮೆಯ ಬಾಯಲ್ಲಿ ‘ಬಂದು’, ‘ಅದ’ ಕೂಡಿ ‘ಬಂದದ’. ಇಂಗ್ಲಿಷಿನಲ್ಲಿ ‘ಹ್ಯಾವ್’ ಸೇರುತ್ತದೆ. ಅದು ಒಡೆತನವನ್ನು ಹೇಳುವ ಕ್ರಿಯಾಪದ. ‘ನನ್ನಲ್ಲಿ ಬರೆದ ಪತ್ರವಿದೆ’ ಎಂಬಂಥ ಹಳೆಯ ವಾಕ್ಯವೇ ಕಾಲಕ್ರಮದಲ್ಲಿ ‘ನಾನು ಪತ್ರ ಬರೆದಿದ್ದೇನೆ’ ಎಂಬ ಅರ್ಥಕ್ಕೆ ತಿರುಗಿತೆಂದು ಭಾಷೆಯ ಇತಿಹಾಸ ಬಲ್ಲವರು ಹೇಳುತ್ತಾರೆ. ಕನ್ನಡದಲ್ಲಿ ‘ಹ್ಯಾವ್’ ಎಂಬುದಕ್ಕೆ ಸಮನಾದ ಧಾತುವೇ ಇಲ್ಲ. ‘ನನಗೆ ಮನೆಯಿದೆ’ ಎನ್ನುತ್ತೇವೆಯೇ ಹೊರತು ಮನೆಯನ್ನು ಹೊಂದುವ ಮಾತು ನಮ್ಮ ನಾಲಗೆಗೆ ಸಹಜವಲ್ಲ. ಆದುದರಿಂದ ಒಡೆತನದ ಜಾಗದಲ್ಲಿ ಇರವು ನಿಂತಿತು. ಇನ್ನೊಂದು ಸ್ವಾರಸ್ಯವಿದೆ. ಹೋಗುವ, ಬರುವ ಕ್ರಿಯೆಗಳಿಗೆ ಹಳೆಯ ಇಂಗ್ಲಿಷೂ ‘ಇರು’ ಎಂಬರ್ಥದ ಕ್ರಿಯಾಪದವನ್ನೇ ಸೇರಿಸುತ್ತಿತ್ತು. ಷೇಕ್ಸ್‌ಪಿಯರನ ಕಾಲದಲ್ಲಿ ‘ಹಿ ಈಸ್ ಕಮ್’ ಎಂಬುದು ವಾಡಿಕೆಯ ಮಾತು. ಅದನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ಬರುವುದು ‘ಬಂದು ಇದ್ದಾನೆ’ ಎಂದೇ.

ನಮ್ಮ ವೈಯಾಕರಣರು ಈ ರೂಪಕ್ಕೆ ಪ್ರತ್ಯೇಕ ಪೀಠ ಹಾಕಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕಾಲ ಮೂರೆಂದು ಎಣಿಸಿ, ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’ ಎಂಬ ಪ್ರತ್ಯಯಗಳನ್ನು ಹೇಳಿದ್ದಾನೆ. ಸಂಸ್ಕೃತದ ಕಾಲತ್ರಯದ ಚೌಕಟ್ಟು ಅದು. ಆದರೆ ‘ಕೇಳ್ದಪಂ’ ಎಂಬ ಆ ಹಳೆಯ ವರ್ತಮಾನವನ್ನು ಬಿಡಿಸಿ ನೋಡಿದರೆ, ಒಳಗೆ ‘ಕೇಳ್ದು’ ಎಂಬ ಭೂತವೂ ‘ಆಗು’ ಎಂಬರ್ಥದ ‘ಅಪ್’ ಧಾತುವೂ ಕುಳಿತಿವೆಯೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಇಂದಿನ ‘ಇದ್ದಾನೆ’ ಎಂಬ ಅಪ್ಪಟ ವರ್ತಮಾನದೊಳಗೂ ‘ಇದ್ದ’ ಎಂಬ ಭೂತವೇ ಇದೆ. ಕನ್ನಡವು ಹಿಂದಿನದನ್ನು ಇಂದಿಗೆ ಹೆಣೆಯುವ ಕೆಲಸವನ್ನು ಮೊದಲಿನಿಂದಲೂ ಮಾಡಿಕೊಂಡು ಬಂದಿದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದರ ಮರ್ಮ ಇಂಥ ಕಡೆ ಚೆನ್ನಾಗಿ ತಿಳಿಯುತ್ತದೆ.

ಸೇತುವೆ ಮುರಿಯುವ ಸ್ಥಳಗಳು

ಹಾಗಾದರೆ ತಪ್ಪು ಬರುವುದೆಲ್ಲಿ? ಎರಡು ಭಾಷೆಗಳು ಬಹಳ ದೂರ ಜೊತೆಯಾಗಿ ನಡೆದು, ಮೂರು ನಾಲ್ಕು ತಿರುವುಗಳಲ್ಲಿ ಮಾತ್ರ ಬೇರೆಯಾಗುತ್ತವೆ. ಆ ತಿರುವುಗಳನ್ನು ತೋರಿಸಿಕೊಟ್ಟರೆ ವಿದ್ಯಾರ್ಥಿಗೆ ಅರ್ಧ ಭಯ ಕಳೆದಂತೆ.

ಮೊದಲನೆಯದು ಹುಡುಗನ ಪತ್ರದಲ್ಲಿದ್ದದ್ದೇ. ಇಂಗ್ಲಿಷಿನಲ್ಲಿ ‘ಹ್ಯಾಸ್ ಕಮ್’ ಎಂಬ ರೂಪದ ಪಕ್ಕದಲ್ಲಿ ‘ನಿನ್ನೆ’, ‘ಕಳೆದ ರಾತ್ರಿ’, ‘ಹೋದ ವಾರ’ ಎಂಬಂಥ ಮುಗಿದುಹೋದ ಕಾಲದ ಮಾತು ಕೂರಲಾರದು. ಕನ್ನಡಕ್ಕೆ ಈ ಮಡಿಯಿಲ್ಲ. ‘ನಿನ್ನೆಯೇ ಹಣ ಕಟ್ಟಿದ್ದೇನೆ’ ಎಂದು ನಾವು ಧಾರಾಳವಾಗಿ ಹೇಳುತ್ತೇವೆ. ಇದರಿಂದ ನಮ್ಮ ಭಾಷೆ ಸಡಿಲವೆಂದು ಯಾರೂ ನಾಚಿಕೊಳ್ಳಬೇಕಾಗಿಲ್ಲ. ಇಂಗ್ಲಿಷಿನ ಸೋದರಭಾಷೆಯಾದ ಜರ್ಮನ್ನಿನಲ್ಲಿಯೂ, ಫ್ರೆಂಚಿನಲ್ಲಿಯೂ ಇಂಥದೇ ರೂಪದೊಡನೆ ‘ನಿನ್ನೆ’ ಎಂಬುದು ಸಲೀಸಾಗಿ ಬರುತ್ತದೆ. ಇಂಗ್ಲಿಷಿಗೆ ಮಾತ್ರ ಈ ನಿರ್ಬಂಧವೇಕೆ ಎಂಬುದನ್ನು ಜರ್ಮನ್ ಭಾಷಾಶಾಸ್ತ್ರಜ್ಞ ವೂಲ್ಫ್‌ಗಾಂಗ್ ಕ್ಲೈನ್ 1992ರ ಒಂದು ಪ್ರಬಂಧದಲ್ಲಿ ಚರ್ಚಿಸಿ, ಅದಕ್ಕೆ ಒಗಟು ಎಂದೇ ಹೆಸರಿಟ್ಟರು. ಪಂಡಿತರಿಗೆ ಒಗಟಾದದ್ದು ಹಳ್ಳಿಯ ಹುಡುಗನಿಗೆ ತೊಡಕಾದರೆ ನಗುವುದೇನಿದೆ? ಅವನಿಗೆ ಹೇಳಬೇಕಾದ್ದು ಇಷ್ಟೇ: ಯಾವಾಗ ಎಂದು ಹೇಳಿದೆಯೋ, ‘ಕೇಮ್’ ಎನ್ನು; ಯಾವಾಗ ಎಂಬುದನ್ನು ಬಿಟ್ಟು ಈಗಿನ ಸ್ಥಿತಿಯನ್ನು ಹೇಳುತ್ತೀಯೋ, ‘ಹ್ಯಾಸ್ ಕಮ್’ ಎನ್ನು.

ಎರಡನೆಯದು ಇಂದಿಗೂ ಮುಂದುವರಿಯುತ್ತಿರುವ ಸಂಗತಿಗಳದು. ಇಲ್ಲಿ ನನ್ನದೇ ಗಾಯವೊಂದಿದೆ. ಎಂ.ಎ. ಮುಗಿಸಿ ಮೂರು ವರ್ಷ ಅಲ್ಲಿ ಇಲ್ಲಿ ಪಾಠ ಹೇಳಿದ ಮೇಲೆ ಸಂದರ್ಶನವೊಂದಕ್ಕೆ ಹೋಗಿದ್ದೆ. ಎಷ್ಟು ಕಾಲದಿಂದ ಪಾಠ ಹೇಳುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ‘ಐ ಆಮ್ ಟೀಚಿಂಗ್ ಫ್ರಮ್ ತ್ರೀ ಇಯರ್ಸ್’ ಎಂದೆ. ಕೇಳಿದವರು ಪಕ್ಕದವರ ಮುಖ ನೋಡಿ ಸಣ್ಣಗೆ ನಕ್ಕರು. ಅಲ್ಲಿಂದ ಮುಂದೆ ಪಂಪನ ವಿಷಯ ಕೇಳಿದಾಗಲೂ ನನ್ನ ಬಾಯಿ ಸರಿಯಾಗಿ ಏಳಲಿಲ್ಲ. ನನ್ನ ವಾಕ್ಯ ‘ಮೂರು ವರ್ಷದಿಂದ ಪಾಠ ಹೇಳುತ್ತಿದ್ದೇನೆ’ ಎಂಬ ನಿರ್ದುಷ್ಟ ಕನ್ನಡದ ನೆರಳಾಗಿತ್ತು. ಹಿಂದೆ ಆರಂಭವಾಗಿ ಈಗಲೂ ನಡೆಯುತ್ತಿರುವುದನ್ನು ಕನ್ನಡ ವರ್ತಮಾನದಲ್ಲಿಯೇ ಹೇಳುತ್ತದೆ. ಇಂಗ್ಲಿಷಿಗೆ ಅಲ್ಲಿ ‘ಹ್ಯಾವ್ ಬೀನ್’ ಬೇಕು. ಮೇಲಾಗಿ ನಮ್ಮ ‘ಇಂದ’ ಪ್ರತ್ಯಯ ಒಂದೇ ಎರಡು ಕೆಲಸ ಮಾಡುತ್ತದೆ. ‘ಮೂರು ವರ್ಷದಿಂದ’ ಎಂಬಲ್ಲಿ ಅವಧಿಯನ್ನೂ, ‘2009ರಿಂದ’ ಎಂಬಲ್ಲಿ ಆರಂಭದ ಬಿಂದುವನ್ನೂ ಅದೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಅವಧಿಗೆ ‘ಫಾರ್’, ಬಿಂದುವಿಗೆ ‘ಸಿನ್ಸ್’.

ನಮ್ಮೂರಿನ ಉದಾಹರಣೆಗಳೇ ಸಾಕು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧ ಬಂದದ್ದು 2009ರಲ್ಲಿ. ‘2009ರಲ್ಲಿ ಬಂತು’ ಎಂಬಲ್ಲಿ ಇಂಗ್ಲಿಷಿಗೂ ಸಾಮಾನ್ಯ ಭೂತವೇ ಸಾಕು. ‘2009ರಿಂದ ನಿಷೇಧವಿದೆ’ ಎಂದೊಡನೆ ‘ಹ್ಯಾಸ್ ಬೀನ್’ ಎಂಬುದೂ ‘ಸಿನ್ಸ್’ ಎಂಬುದೂ ಬೇಕು. ಹಾಗೆಯೇ ಚಾಮರಾಜನಗರ 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. 1997ರಿಂದ ಜಿಲ್ಲಾ ಕೇಂದ್ರವಾಗಿದೆ. ‘ಆಯಿತು’, ‘ಆಗಿದೆ’, ‘ರಲ್ಲಿ’, ‘ರಿಂದ’. ಈ ಎರಡು ಜೋಡಿಗಳನ್ನು ಗುರುತಿಸುವ ವಿದ್ಯಾರ್ಥಿ ಇಂಗ್ಲಿಷಿನ ಅರ್ಧ ಅಧ್ಯಾಯವನ್ನು ಆಗಲೇ ಬಲ್ಲ.

ಮೂರನೆಯ ತಿರುವು ಹೋಗಿ ಬರುವುದಕ್ಕೆ ಸಂಬಂಧಿಸಿದ್ದು. ‘ಅಣ್ಣ ಊಟಿಗೆ ಹೋಗಿದ್ದಾನೆ’ ಎಂದರೆ ಅವನು ಇನ್ನೂ ಬಂದಿಲ್ಲ. ‘ಹೋಗಿದ್ದ’ ಎಂದರೆ ಹೋಗಿ ಹಿಂತಿರುಗಿದ್ದಾನೆ. ಕಥೆಯನ್ನು ಮುಗಿಸಿಬಿಡುವ ಶಕ್ತಿ ನಮ್ಮ ‘ಇದ್ದ’, ‘ಇತ್ತು’ಗಳಿಗಿದೆ. ಇದನ್ನೇ ನಂಬಿ ನಾವು ‘ಲಾಸ್ಟ್ ವೀಕ್ ಐ ಹ್ಯಾಡ್ ಗಾನ್ ಟು ಮೈಸೂರ್’ ಎಂದು ಬರೆದುಬಿಡುತ್ತೇವೆ. ಇಂಗ್ಲಿಷ್ ಕಿವಿಗೆ ಅದು ಅರ್ಧಕ್ಕೆ ನಿಂತ ವಾಕ್ಯ; ಹೋಗಿದ್ದಾಗ ಏನಾಯಿತು ಎಂದು ಅದು ಮುಂದಿನ ಮಾತಿಗಾಗಿ ಕಾಯುತ್ತದೆ. ಅಲ್ಲಿ ಬೇಕಾದ್ದು ಬರಿಯ ‘ವೆಂಟ್’. ಇನ್ನು ಜೀವನದಲ್ಲಿ ಎಂದಾದರೊಮ್ಮೆ ಆದ ಅನುಭವವನ್ನು ಹೇಳುವಾಗ ಇಂಗ್ಲಿಷು ‘ಹ್ಯಾಸ್ ಗಾನ್’, ‘ಹ್ಯಾಸ್ ಬೀನ್’ ಎಂದು ಭೇದ ಮಾಡುತ್ತದೆ. ನಾವೂ ಮಾಡುತ್ತೇವೆ. ಬಿಳಿಗಿರಿರಂಗನ ಬೆಟ್ಟಕ್ಕೆ ‘ಹೋಗಿದ್ದಾನೆ’ ಎಂದರೆ ಈಗ ಅಲ್ಲಿದ್ದಾನೆ ಎಂದಾಗಬಹುದು. ‘ಹೋಗಿ ಬಂದಿದ್ದಾನೆ’ ಎಂದರೆ ಸಂದೇಹವೇ ಇಲ್ಲ. ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವ ಜನ ನಾವು. ಈ ಭೇದ ನಮಗೆ ಹೊಸದಲ್ಲ.

ನಾಲ್ಕನೆಯದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪ್ರಿಯವಾಗಬಹುದಾದ್ದು. ಯಳಂದೂರಿನವಳೆಂದು ಪ್ರಸಿದ್ಧಳಾದ ಸಂಚಿಯ ಹೊನ್ನಮ್ಮ ಹದಿನೇಳನೆಯ ಶತಮಾನದವಳು. ನಾಟಕಕಾರ ‘ಸಂಸ’ರು ಅದೇ ಸೀಮೆಯ ಅಗರದಲ್ಲಿ 1898ರಲ್ಲಿ ಹುಟ್ಟಿ, 1939ರಲ್ಲಿ ತೀರಿಕೊಂಡವರು. ಆದರೂ ತರಗತಿಯಲ್ಲಿ ನಾವು ‘ಹೊನ್ನಮ್ಮ ಹದಿಬದೆಯ ಧರ್ಮವನ್ನು ಬರೆದಿದ್ದಾಳೆ’, ‘ಸಂಸರು ವಿಗಡ ವಿಕ್ರಮರಾಯವನ್ನು ಬರೆದಿದ್ದಾರೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಗತಿಸಿದ ಕರ್ತೃವಿಗೆ ‘ರೋಟ್’ ಎಂಬುದೇ ತಕ್ಕದ್ದು. ಆ ಭಾಷೆ ಬರೆದವರ ಆಯುಷ್ಯವನ್ನು ನೋಡುತ್ತದೆ. ಕನ್ನಡ ಬರಹದ ಆಯುಷ್ಯವನ್ನು ನೋಡುತ್ತದೆ. ಪುಸ್ತಕ ಇದೆ, ಆದುದರಿಂದ ಬರೆದಿದ್ದಾಳೆ. ಇಂಗ್ಲಿಷಿಗೆ ಭಾಷಾಂತರಿಸುವಾಗ ನಾವು ನಿಯಮ ಪಾಲಿಸೋಣ. ನಮ್ಮ ಮಾತಿನ ಈ ಗೌರವವನ್ನು ಮರೆಯುವುದು ಬೇಡ.

ಪಾಠ ಹೇಳುವ ಬಗೆ

ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ವಿವರಿಸಲು ವಿಲಿಯಂ ಕೇರಿ 1817ರಲ್ಲಿ, ಜಾನ್ ಮೆಕೆರೆಲ್ 1820ರಲ್ಲಿ ಗ್ರಂಥಗಳನ್ನು ಹೊರತಂದರು. ಹೊಸ ಭಾಷೆಯನ್ನು ತಮಗೆ ಗೊತ್ತಿದ್ದ ಭಾಷೆಯ ಮೂಲಕವೇ ಹಿಡಿಯಲು ಅವರು ಸಂಕೋಚಪಡಲಿಲ್ಲ. ನಮ್ಮಲ್ಲಿ ಮಾತ್ರ ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಸೊಲ್ಲೆತ್ತಿದರೆ ಅಪಚಾರವೆಂಬ ಭಾವನೆ ಬಲವಾಗಿ ಬೇರೂರಿದೆ. ಇಂಗ್ಲಿಷ್ ಅಧ್ಯಾಪಕರಾಗಿದ್ದುಕೊಂಡೇ ಹೊಸ ಕನ್ನಡ ಕಾವ್ಯಕ್ಕೆ ದಾರಿ ತೋರಿದ ಬಿ. ಎಂ. ಶ್ರೀಕಂಠಯ್ಯನವರ ನಾಡಿನಲ್ಲಿ ಹೀಗಾಗಬಾರದಿತ್ತು.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ಕ್ರಮ 2007ರಲ್ಲಿ ಬಂತು. ಆ ಮಕ್ಕಳು ಕಾಲೇಜಿಗೆ ಬಂದಾಗಲೂ ‘ಹ್ಯಾಸ್’, ‘ಹ್ಯಾವ್’ಗಳ ಕೋಷ್ಟಕ ಬಾಯಿಗೆ ಬರುತ್ತದೆ, ಅದನ್ನು ಯಾವಾಗ ಆಡಬೇಕೆಂಬುದು ಬಾರದು. ಕೋಷ್ಟಕಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ ನೋಡಬಹುದು. ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ‘ಊಟಿ ಬಸ್ಸು ಬಂದಿದೆ’ ಎಂದರೆ ಏನು ಮಾಡುತ್ತೀಯೆ? ‘ಬಂದಿತ್ತು’ ಎಂದರೆ? ಮೊದಲನೆಯದಕ್ಕೆ ಚೀಲ ಎತ್ತಿಕೊಳ್ಳುತ್ತೇನೆ, ಎರಡನೆಯದಕ್ಕೆ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತೇನೆ ಎಂದು ಯಾವ ಹುಡುಗನಾದರೂ ಹೇಳಿಯಾನು. ಚೀಲ ಎತ್ತಿಸುವ ರೂಪವೇ ಪ್ರೆಸೆಂಟ್ ಪರ್‌ಫೆಕ್ಟ್. ಅಲ್ಲಿಂದ ಮುಂದೆ ಮೇಲೆ ಹೇಳಿದ ತಿರುವುಗಳನ್ನು ಒಂದೊಂದಾಗಿ ತೋರಿಸಬಹುದು. ನಾನೂ ನಮ್ಮ ಇಂಗ್ಲಿಷ್ ವಿಭಾಗದ ಗೆಳೆಯರೊಬ್ಬರೂ ಕೂಡಿ ಹೀಗೆ ನಾಲ್ಕಾರು ತರಗತಿಗಳನ್ನು ನಡೆಸಿದೆವು. ಮಕ್ಕಳೆಲ್ಲ ಪಂಡಿತರಾದರೆಂದು ಹೇಳಲಾರೆ. ಆದರೆ ಹಿಂದಿನ ಬೆಂಚಿನವರೂ ಬಾಯಿ ಬಿಟ್ಟರು. ಆನೆಯ ಹುಡುಗನೇ ಎದ್ದು ನಿಂತು, “ಹಂಗಾದ್ರ ರಾತ್ರ ಅನ್ನೋದ ತಗುದ್ಬುಟ್ರ ನಾ ಬರ್ದಿದ್ದು ಸರಿ ಅಲ್ವಾ ಸಾ?” ಎಂದು ಕೇಳಿದ. ಆನೆ ಇನ್ನೂ ಹೊಲದಲ್ಲೇ ಇದ್ದರೆ ಸರಿ ಎಂದರು ಗೆಳೆಯರು. ತರಗತಿಯೆಲ್ಲ ನಕ್ಕಿತು, ಈ ಸಲ ಅವನೂ ನಕ್ಕ.

ಕೊನೆಗೆ ನಿಷೇಧರೂಪದ ಮಾತೊಂದು ಉಳಿದಿದೆ. ಅಲ್ಲಿ ಎರಡು ಭಾಷೆಗಳೂ ಕೈ ಕೈ ಹಿಡಿದು ನಡೆಯುತ್ತವೆ. ನಮ್ಮದು ಮಳೆಯನ್ನು ನಂಬಿ ಮುಗಿಲು ನೋಡುವ ಸೀಮೆ. ‘ಮಳೆ ಬರಲಿಲ್ಲ’ ಎಂದರೆ ಆ ವರ್ಷದ ಲೆಕ್ಕ ಮುಗಿಯಿತು. ‘ಮಳೆ ಬಂದಿಲ್ಲ’ ಎಂದರೆ ಇನ್ನೂ ಬರಬಹುದು. ಬಿತ್ತನೆಯ ಬೀಜವನ್ನು ಯಾರೂ ಮಾರಿಕೊಳ್ಳುವುದಿಲ್ಲ. ‘ಡಿಡ್ ನಾಟ್ ಕಮ್’ ಎಂಬುದಕ್ಕೂ ‘ಹ್ಯಾಸ್ ನಾಟ್ ಕಮ್’ ಎಂಬುದಕ್ಕೂ ಇರುವ ಅಂತರ ಸರಿಯಾಗಿ ಇದೇ.

ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ‘ಈ ಹಳ್ಳಿಯ ಮಕ್ಕಳು ಇಂಗ್ಲಿಷ್ ಕಲಿಯಲಿಲ್ಲ’ ಎಂದು ನಾವು ಹೇಳುವುದುಂಟು. ವ್ಯಾಕರಣದ ದೃಷ್ಟಿಯಿಂದಲೇ ಅದು ತಪ್ಪು ರೂಪವೆಂದು ನನಗೆ ತೋರುತ್ತದೆ. ಅವರ ಕಾಲ ಇನ್ನೂ ಮುಗಿದಿಲ್ಲ. ‘ಇನ್ನೂ ಕಲಿತಿಲ್ಲ’ ಎಂದು ಬರೆಯುವುದೇ ಸರಿ.